ಮನೆಗೆ ಬಂದ ಗಾಜಿನ ಎಳೆ

ನಮ್ಮ ಹುಣಸಗಿ ಕಡೆ ಈಗ ಕಂಬದಿಂದ ಮನೆಗೆ ಕರಿ ವಾಯರ್ ಎಳೀತಾರ. ಅದರೊಳಗೆ ತಾಮ್ರವಿಲ್ಲ, ಕೂದಲಿನಷ್ಟು ತೆಳುವಾದ ಗಾಜಿನ ಎಳೆ ಇದೆ. ಇದೇ ಫೈಬರ್. ಬೆಳಕು ಅದರ ಒಳಮೈಗೆ ಬಡಿದು ಬಡಿದು, ಹೊರಬೀಳದೆ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ! ಇದರಲ್ಲಿ ದೂರಕ್ಕೆ ಸುದ್ದಿ ಕಳಿಸಬಹುದೆಂದು 1966ರಲ್ಲಿ ತೋರಿಸಿದ ಚಾರ್ಲ್ಸ್ ಕಾವ್ ಅವರಿಗೆ 2009ರಲ್ಲಿ ನೊಬೆಲ್ ಬಂತು. ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಮುಟ್ಟಿಸುವ ಯೋಜನೆಗೆ ಕೇಂದ್ರ ಸರ್ಕಾರ 2011ರಲ್ಲಿ ಒಪ್ಪಿಗೆ ಕೊಟ್ಟಿತು. ಅದರ ಈಗಿನ ಹೆಸರು ಭಾರತ್‌ನೆಟ್.

ಇಷ್ಟಿದ್ದರೂ ಮನ್ಯಾಗ ನಿಧಾನ ಯಾಕ? ಅಕ್ಕ ಕಾಲೇಜಿನ ಅರ್ಜಿ ತುಂಬುವಾಗ ಚಕ್ರ ತಿರುಗತಾನೇ ಇತ್ತು. ಕಡೇ ದಿನ ಹತ್ತಿರ ಬಂದಿತ್ತು. ಎಳೆಯನ್ನು ಹಗ್ಗದ ಹಾಗೆ ಮಡಚಿದರೆ ಬೆಳಕು ಸೋರುತ್ತದೆ, ಆದರೆ ನಮ್ಮದು ಮಡಚಿರಲಿಲ್ಲ. ವೈಫೈ ಪೆಟ್ಟಿಗೆ ಪಡಸಾಲೆ ಮೂಲೆಯಲ್ಲಿ, ಅಕ್ಕ ಒಳಕೋಣೆಯಲ್ಲಿ. ನಡುವೆ ಅಜ್ಜನ ಕಾಲದ ದಪ್ಪ ಕಲ್ಲಿನ ಗೋಡೆ! ಪೆಟ್ಟಿಗೆ ಹತ್ತಿರ ಕೂತರ ಜೋರು, ಒಳಗ ಹೋದರ ನಿಧಾನ. ಅಂದರೆ ತಡೆ ಗೋಡೆಯದು, ಫೈಬರಿನದಲ್ಲ. ಅಣ್ಣ ಪೆಟ್ಟಿಗೆಯನ್ನು ಬಾಗಿಲ ಎದುರು ಎತ್ತರಕ್ಕೆ ಇಟ್ಟ. ಅರ್ಜಿ ಅದೇ ರಾತ್ರಿ ಹೋಯಿತು. ಹೆಚ್ಚಿನ ರೊಕ್ಕದ ಪ್ಲಾನ್ ಹಾಕಿಸುವ ಮೊದಲು ನೀವೂ ಹೀಗೆ ನೋಡ್ರಿ.

ಇನ್ನೊಂದು ಲೆಕ್ಕ. 100 ಮೆಗಾಬಿಟ್ ಅಂದರೆ 100 ಮೆಗಾಬೈಟ್ ಅಲ್ಲ, 8ರಿಂದ ಭಾಗಿಸಬೇಕು, 12.5 ಬರುತ್ತದೆ. ಕರೆಂಟು ಹೋದರ ಪೆಟ್ಟಿಗೆನೂ ಆರುತ್ತದೆ, ಅದಕ್ಕೆ ಸಣ್ಣ ಬ್ಯಾಟರಿ ಬೇಕು.