ಮಂಡಿಗೆ ಸ್ವಲ್ಪ ಸಮಯ ಕೊಡಿ

ಪ್ರಶ್ನೆ: ನನಗೆ 41 ವರ್ಷ. ಬ್ಯಾಂಕಿನಲ್ಲಿ ಕೆಲಸ, ದಿನವಿಡೀ ಕುರ್ಚಿಯಲ್ಲೇ ಇರುತ್ತೇನೆ. ಕೆಲವು ತಿಂಗಳ ಹಿಂದೆ ರಕ್ತಪರೀಕ್ಷೆ ಮಾಡಿಸಿದಾಗ ಎಚ್‌ಬಿಎ1ಸಿ 6.1 ಬಂತು. ‘ಈಗಲೇ ಎಚ್ಚೆತ್ತುಕೊಳ್ಳಿ, ವ್ಯಾಯಾಮ ಶುರುಮಾಡಿ’ ಎಂದರು ಡಾಕ್ಟರು. ಕುಕ್ಕರಹಳ್ಳಿ ಕೆರೆಯ ಬಳಿ ಬೆಳಿಗ್ಗೆ ಓಡುವವರನ್ನು ಕಂಡು ಆಸೆಯಾಗಿ ನಾನೂ ಓಡತೊಡಗಿದೆ. ಮೊದಲ ವಾರ ತುಂಬಾ ಖುಷಿಯಾಗಿತ್ತು. ಎರಡನೇ ವಾರ ದಿನಾ ಅರ್ಧ ಗಂಟೆ ನಿಲ್ಲದೆ ಓಡಿದೆ. ಮೂರನೇ ವಾರಕ್ಕೆ ಬಲಮಂಡಿಯ ಚಿಪ್ಪಿನ ಸುತ್ತ ನೋವು ಬಂತು. ಮೆಟ್ಟಿಲು ಇಳಿಯುವಾಗ, ತುಂಬಾ ಹೊತ್ತು ಕೂತು ಏಳುವಾಗ ಹೆಚ್ಚು. ಊತ ಇಲ್ಲ.

ನಮ್ಮಮ್ಮನಿಗೆ ಎರಡೂ ಮಂಡಿ ಸವೆದಿವೆ. ನೆಲದ ಮೇಲೆ ಕೂತು ಊಟ ಮಾಡಿ ಐದು ವರ್ಷವಾಯಿತು. ಅತ್ತೆಯವರು ‘ಈ ವಯಸ್ಸಲ್ಲಿ ಓಡಿದ್ರೆ ಇರೋ ಮಂಡೀನೂ ಹೋಗುತ್ತೆ’ ಅನ್ನುತ್ತಾರೆ. ಯಜಮಾನರು ‘ವಾಕಿಂಗ್ ಸಾಕಿತ್ತಲ್ವಾ’ ಅಂದರು. ಎರಡು ವಾರದಿಂದ ಶೂ ಮಂಚದ ಕೆಳಗಿದೆ. ಮೊನ್ನೆ ಅಮ್ಮ ಮಂಡಿಯ ಮೇಲೆ ಕೈಯೂರಿ ಎದ್ದರು. ಅದೇ ಸಂಜೆ ಸೋಫಾದಿಂದ ನಾನೂ ಹಾಗೇ ಎದ್ದೆ. ಆ ರಾತ್ರಿ ನಿದ್ದೆ ಬರಲಿಲ್ಲ. ನಾನು ಮಾಡಿದ್ದು ತಪ್ಪಾ? ಇನ್ನು ಓಡಲೇಬಾರದಾ?

– ಹೆಸರು ಬೇಡ, ಮೈಸೂರು

ಉತ್ತರ: ಪ್ರೀತಿಯ ಸೋದರಿ, ನಿಮ್ಮ ಪತ್ರದಲ್ಲಿ ಮಂಡಿನೋವಿಗಿಂತ ದೊಡ್ಡದೊಂದು ಸಂಕಟವಿದೆ. ಅಮ್ಮ ಕೈಯೂರಿ ಎದ್ದ ಹಾಗೆಯೇ ನೀವೂ ಎದ್ದಾಗ ನಿಮ್ಮ ಎದೆ ಧಸಕ್ಕೆಂದಿರಬೇಕು. ಹೆತ್ತವರ ಕಾಯಿಲೆಯಲ್ಲಿ ನಮ್ಮ ನಾಳೆ ಕಂಡಂತಾದಾಗ ಯಾರಿಗಾದರೂ ನಿದ್ದೆ ಹಾರಿಹೋಗುತ್ತದೆ. ಅದರ ಮೇಲೆ, ಅಷ್ಟು ಆಸೆಯಿಂದ ಹಿಡಿದದ್ದನ್ನು ಮೂರೇ ವಾರಕ್ಕೆ ಬಿಡಬೇಕಾಯಿತಲ್ಲ ಎಂಬ ಬೇಸರ, ಮನೆಯವರ ಮುಂದೆ ಸಣ್ಣ ನಾಚಿಕೆ. ಇವೆಲ್ಲ ಸಹಜ. ಈ ಪುಟ ಓದುತ್ತಿರುವ ಎಷ್ಟೋ ಮಂದಿಯ ಮಂಚದ ಕೆಳಗೂ ಇಂಥದೇ ಒಂದು ಜೊತೆ ಶೂ ಇರಬಹುದು. ಈ ಮಾತು ಅವರಿಗೂ ಸೇರಿದ್ದು.

ನೀವು ಮಾಡಿದ್ದು ತಪ್ಪಲ್ಲ. ಎಚ್‌ಬಿಎ1ಸಿ 5.7ರಿಂದ 6.4ರ ಒಳಗಿದ್ದರೆ ಅದನ್ನು ಮಧುಮೇಹದ ಹೊಸ್ತಿಲು ಎನ್ನುತ್ತಾರೆ. ಆ ಹೊಸ್ತಿಲಿನಿಂದ ಹಿಂದಕ್ಕೆ ಬರುವ ದಾರಿ ಇನ್ನೂ ತೆರೆದಿದೆ, ಮೈಗೆ ಚಟುವಟಿಕೆ ಕೊಡುವುದು ಆ ದಾರಿಯ ದೊಡ್ಡ ಭಾಗ. ನೀವು ಹೊರಟ ದಿಕ್ಕು ಸರಿಯಿದೆ. ವೇಗ ಮಾತ್ರ ಸ್ವಲ್ಪ ಹೆಚ್ಚಾಯಿತು.

ಯಾಕೆ ಹೀಗಾಗುತ್ತದೆ ಎಂದು ಗೊತ್ತಾದರೆ ಅರ್ಧ ಭಯ ಕಡಿಮೆಯಾಗುತ್ತದೆ. ನಮ್ಮ ಮೈಯ ಎಲ್ಲ ಭಾಗಗಳೂ ಒಂದೇ ವೇಗದಲ್ಲಿ ಹೊಸ ಕೆಲಸಕ್ಕೆ ಒಗ್ಗಿಕೊಳ್ಳುವುದಿಲ್ಲ. ಎದೆ, ಉಸಿರು ಕೆಲವೇ ವಾರಗಳಲ್ಲಿ ಒಗ್ಗುತ್ತವೆ. ಎರಡನೇ ವಾರ ನಿಲ್ಲದೆ ಓಡಲು ಆದದ್ದು ಅದಕ್ಕೇ. ಆದರೆ ಮೂಳೆ, ಸ್ನಾಯುವನ್ನು ಮೂಳೆಗೆ ಕಟ್ಟುವ ನಾರು, ಮಂಡಿಚಿಪ್ಪಿನ ಸುತ್ತಲ ಭಾಗ ಇವೆಲ್ಲ ಒಗ್ಗಲು ತಿಂಗಳುಗಳು ಬೇಕು. ಉಸಿರು ‘ಇನ್ನೂ ಓಡು’ ಎನ್ನುವಾಗ ಮಂಡಿ ‘ನಾನಿನ್ನೂ ತಯಾರಿಲ್ಲ’ ಎನ್ನುತ್ತಿರುತ್ತದೆ. ಹೊಸದಾಗಿ ಓಡುವವರಲ್ಲಿ ಚಿಪ್ಪಿನ ಸುತ್ತ ಬರುವ ನೋವು ಬಹಳ ಸಾಮಾನ್ಯ. ಮೆಟ್ಟಿಲಿಳಿಯುವಾಗ, ಕೂತು ಏಳುವಾಗ ಹೆಚ್ಚಾಗುವುದು ಅದರ ಗುಣ. ಪತ್ರ ಓದಿ ನಾನು ರೋಗ ಇಂಥದೇ ಎಂದು ಹೇಳುವುದು ಸರಿಯಲ್ಲ. ಆದರೂ ನೀವು ಬರೆದ ಲಕ್ಷಣಗಳು ಇದಕ್ಕೆ ಹತ್ತಿರವಾಗಿವೆ. ಈ ಬಗೆಯ ನೋವೆಂದರೆ ಮಂಡಿ ಸವೆಯಿತೆಂದು ಅರ್ಥವಲ್ಲ.

ಇನ್ನು ಅತ್ತೆಯವರ ಮಾತು. ಅದರಲ್ಲಿ ಕಾಳಜಿಯಿದೆ, ನಿಮ್ಮ ತಾಯಿಯ ಕಷ್ಟವನ್ನು ಅವರೂ ಕಂಡಿದ್ದಾರೆ. ಆದರೆ ಮಂಡಿಯ ಒಳಗಿನ ಮೃದ್ವಸ್ಥಿ ಗಾಡಿಯ ಟೈರಿನಂತೆ ಬರೀ ಸವೆಯುತ್ತಾ ಹೋಗುವ ವಸ್ತುವಲ್ಲ. ಅದಕ್ಕೆ ರಕ್ತನಾಳಗಳಿಲ್ಲ. ಹೆಜ್ಜೆ ಊರಿದಾಗ ಒತ್ತಿಕೊಂಡು, ಎತ್ತಿದಾಗ ಸಡಿಲವಾಗಿ, ಕೀಲಿನ ದ್ರವದಿಂದಲೇ ಪೋಷಣೆ ಪಡೆಯುತ್ತದೆ. ಅದಕ್ಕೆ ಚಲನೆ ಬೇಕು. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರ ಪ್ರಕಾರ, ಹವ್ಯಾಸಕ್ಕೆ ಓಡುವವರಲ್ಲಿ ಸೊಂಟ ಮತ್ತು ಮಂಡಿ ಸವೆತ ಕಂಡದ್ದು ಶೇ 3.5 ಮಂದಿಯಲ್ಲಿ, ಓಡದೆ ಕೂತೇ ಇರುವವರಲ್ಲಿ ಶೇ 10.2 ಮಂದಿಯಲ್ಲಿ. ಸ್ಪರ್ಧೆಗಾಗಿ ತೀರಾ ಹೆಚ್ಚು ಓಡುವವರಲ್ಲಿ ಇದು ಶೇ 13.3 ಇತ್ತು. ಓಟವೊಂದರಿಂದಲೇ ಈ ವ್ಯತ್ಯಾಸ ಎನ್ನಲಾಗದು. ಆದರೂ ಮಿತವಾಗಿ ಓಡುವುದಕ್ಕೆ ಹೆದರಬೇಕಿಲ್ಲ ಎಂದು ಹೇಳಲು ಇದು ಸಾಕು. ಅಮ್ಮನಿಗೆ ಬಂದದ್ದು ಮಗಳಿಗೂ ಬರುವ ಸಾಧ್ಯತೆ ಸ್ವಲ್ಪ ಹೆಚ್ಚಿರಬಹುದು, ಹಾಗೆಂದು ಅದು ಬಂದೇ ಬರುತ್ತದೆ ಎಂದಲ್ಲ. ಗಟ್ಟಿಯಾದ ತೊಡೆ, ಹತೋಟಿಯಲ್ಲಿರುವ ತೂಕ, ನಿತ್ಯದ ಚಲನೆ ಇವು ನಿಮ್ಮ ಕೈಯಲ್ಲೇ ಇವೆ.

ಈಗ ಏನು ಮಾಡಬೇಕು? ನಿಧಾನವಾಗಿ ಹೇಳುತ್ತೇನೆ, ನೀವೂ ನಿಧಾನವಾಗಿಯೇ ಮಾಡಿ.

ಮೊದಲು ನಡಿಗೆಗೆ ಮರಳಿ. ಪೂರ್ತಿ ಮಲಗಿಬಿಡುವುದು ಬೇಡ. ಸಮತಟ್ಟಾದ ದಾರಿಯಲ್ಲಿ, ನೋವು ಹೆಚ್ಚಾಗದಷ್ಟು ನಡೆಯಿರಿ. ಅರ್ಧ ಗಂಟೆ ಬಿರುಸಾಗಿ ನಡೆದರೂ, ಮನೆಯ ಮೆಟ್ಟಿಲು ಇಳಿದರೂ ಮಂಡಿ ತಕರಾರು ಮಾಡದಿದ್ದರೆ ಓಟಕ್ಕೆ ಹೊತ್ತಾಯಿತು ಎಂದು ತಿಳಿಯಿರಿ. ನೋವಿನ ಮಾತ್ರೆ ನುಂಗಿ ಓಡಲು ಮಾತ್ರ ಹೋಗಬೇಡಿ. ಮಂಡಿ ಹೇಳುವುದು ಆಗ ನಿಮಗೆ ಕೇಳಿಸುವುದಿಲ್ಲ.

ಎರಡನೆಯದು, ಓಟವನ್ನು ನಡಿಗೆಯ ಜೊತೆ ಬೆರೆಸಿ. 5 ನಿಮಿಷ ನಡೆದು ಮೈ ಬಿಸಿ ಮಾಡಿಕೊಳ್ಳಿ. ಆಮೇಲೆ 1 ನಿಮಿಷ ಓಟ, ಒಂದೂವರೆ ನಿಮಿಷ ನಡಿಗೆ, ಹೀಗೆ 20 ನಿಮಿಷ. ವಾರಕ್ಕೆ ಮೂರೇ ದಿನ, ನಡುವೆ ಒಂದೊಂದು ದಿನ ಬಿಡುವು. ಜಗತ್ತಿನಾದ್ಯಂತ ಹೊಸಬರು ಅನುಸರಿಸುವ ‘ಕೌಚ್ ಟು ಫೈವ್ ಕೆ’ ಎಂಬ 9 ವಾರಗಳ ಕ್ರಮ ಶುರುವಾಗುವುದೇ ಹೀಗೆ. ಒಂಬತ್ತು ವಾರದ್ದಕ್ಕೆ ನೀವು ಹದಿನೈದು ವಾರ ತೆಗೆದುಕೊಂಡರೂ ನಷ್ಟವಿಲ್ಲ. ಓಡುವಾಗ ಪಕ್ಕದವರ ಜೊತೆ ಮಾತಾಡಲು ಆಗುವಷ್ಟೇ ವೇಗವಿರಲಿ.

ಮೂರನೆಯದು, ಹೆಜ್ಜೆ ಚಿಕ್ಕದಿರಲಿ. ಹೊಸದಾಗಿ ಓಡುವವರು ಎಷ್ಟೋ ಸಲ ಕಾಲನ್ನು ತುಂಬಾ ಮುಂದೆ ಚಾಚಿ ಊರುತ್ತಾರೆ, ಆ ಪೆಟ್ಟು ನೇರವಾಗಿ ಮಂಡಿಗೆ ಬರುತ್ತದೆ. ಒಂದು ನಿಮಿಷದಲ್ಲಿ ನಿಮ್ಮ ಬಲಗಾಲು ಎಷ್ಟು ಸಲ ನೆಲ ಮುಟ್ಟುತ್ತದೆ ಎಂದು ಎಣಿಸಿ. 75 ಬಂದರೆ, ವೇಗ ಹೆಚ್ಚಿಸದೆ ಅದನ್ನು 79 ಅಥವಾ 80 ಮಾಡಿ. ಹೆಜ್ಜೆ ತಾನಾಗಿ ಗಿಡ್ಡವಾಗುತ್ತದೆ, ಮಂಡಿಯ ಹೊರೆ ಇಳಿಯುತ್ತದೆ. ಶೂ ದುಬಾರಿಯದೇ ಆಗಬೇಕಿಲ್ಲ. ಕಾಲಿಗೆ ಹಿತವಾಗಿರಬೇಕು, ಅಡಿಭಾಗ ಸವೆದಿರಬಾರದು.

ನಾಲ್ಕನೆಯದನ್ನು ಜನ ಹೆಚ್ಚಾಗಿ ಬಿಟ್ಟುಬಿಡುತ್ತಾರೆ. ತೊಡೆ ಮತ್ತು ಸೊಂಟದ ಸ್ನಾಯು ಗಟ್ಟಿಯಾದಷ್ಟೂ ಮಂಡಿಗೆ ಆಸರೆ. ವಾರಕ್ಕೆ ಎರಡು ಮೂರು ದಿನ, ಮನೆಯಲ್ಲೇ 15 ನಿಮಿಷ ಸಾಕು. ಊಟದ ಮೇಜಿನ ಕುರ್ಚಿಯಿಂದ ಕೈಯೂರದೆ ನಿಧಾನವಾಗಿ ಎದ್ದು ಕೂರುವುದು 10 ಸಲ. ಬೆನ್ನ ಮೇಲೆ ಮಲಗಿ ಮಂಡಿ ಮಡಿಸಿ ಸೊಂಟ ಎತ್ತುವುದು, ಅಂದರೆ ಸೇತುಬಂಧಾಸನ, 10 ಸಲ. ಮಗ್ಗುಲಾಗಿ ಮಲಗಿ ಮೇಲಿನ ಕಾಲನ್ನು ಎತ್ತಿ ಇಳಿಸುವುದು, ಪ್ರತಿ ಕಾಲಿಗೂ 10 ಸಲ. ಗೋಡೆ ಹಿಡಿದು ತುದಿಗಾಲಲ್ಲಿ ನಿಂತು ಇಳಿಯುವುದು 10 ಸಲ. ಫಲ ಕಾಣಲು ಆರರಿಂದ ಹನ್ನೆರಡು ವಾರ ಬೇಕಾಗಬಹುದು. ಮೊದಲ ವಾರದಲ್ಲೇ ಬದಲಾವಣೆ ಕಾಣಲಿಲ್ಲವೆಂದು ಕೈಬಿಡಬೇಡಿ.

ನೋವು ಎಷ್ಟಿದ್ದರೆ ಸರಿ ಎಂಬ ಗೊಂದಲ ನಿಮಗಿರುತ್ತದೆ. ಸೊನ್ನೆಯಿಂದ ಹತ್ತರವರೆಗೆ ನೋವಿಗೆ ಅಂಕ ಕೊಡಿ. ಎರಡು ಮೂರರ ಒಳಗಿದ್ದು, ಮಾರನೇ ಬೆಳಿಗ್ಗೆಗೆ ಶಮನವಾದರೆ ಮುಂದುವರಿಸಬಹುದು. ಅದಕ್ಕಿಂತ ಹೆಚ್ಚಾದರೆ, ಕುಂಟುವಂತಾದರೆ, ಬೆಳಿಗ್ಗೆಯೂ ಉಳಿದರೆ ಒಂದು ವಾರ ಹಿಂದಿನ ಹಂತಕ್ಕೆ ಹೋಗಿ. ಹಿಂದೆ ಹೋಗುವುದು ಸೋಲಲ್ಲ, ವರ್ಷಗಟ್ಟಲೆ ಓಡಿದವರೂ ಹಾಗೇ ಮಾಡುತ್ತಾರೆ.

ಕೆಲವು ಲಕ್ಷಣಗಳಿಗೆ ಮಾತ್ರ ಕಾಯಬಾರದು. ಮಂಡಿ ಊದಿದರೆ, ಮಡಿಸಲಾಗದೆ ಸಿಕ್ಕಿಹಾಕಿಕೊಂಡಂತಾದರೆ, ನಡೆಯುವಾಗ ಕಾಲು ಕುಸಿದಂತಾದರೆ, ಭಾರ ಊರಲು ಆಗದಿದ್ದರೆ, ರಾತ್ರಿ ನೋವಿನಿಂದ ಎಚ್ಚರವಾದರೆ, ಮೂಳೆಯ ಒಂದೇ ಜಾಗದಲ್ಲಿ ಬೆರಳಿಟ್ಟು ತೋರಿಸುವಂತಹ ನೋವಿದ್ದರೆ ತಡಮಾಡದೆ ಮೂಳೆ ಡಾಕ್ಟರನ್ನು ನೋಡಿ. ಮಂಡಿ ಕೆಂಪಾಗಿ ಬಿಸಿಯೇರಿ ಜ್ವರವೂ ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಇವೇನೂ ಇಲ್ಲದೆ ನೋವು ಆರು ವಾರ ದಾಟಿದರೂ ಒಮ್ಮೆ ಫಿಸಿಯೋಥೆರಪಿಸ್ಟ್ ಬಳಿ ಹೋಗಿ ನಿಮ್ಮ ನಡಿಗೆ, ಓಟ ತೋರಿಸಿ. ಸರ್ಕಾರಿ ಜಿಲ್ಲಾ ಆಸ್ಪತ್ರೆಯಲ್ಲೂ ವಿಚಾರಿಸಬಹುದು. ಸಕ್ಕರೆಯ ವಿಷಯ ನೋಡಿಕೊಳ್ಳುತ್ತಿರುವ ಡಾಕ್ಟರಿಗೆ ಓಡುತ್ತಿರುವುದನ್ನು ತಿಳಿಸಿರಿ.

ಮನೆಯವರ ಜೊತೆ ವಾದ ಬೇಡ. ಯಜಮಾನರ ಮಾತಿನಲ್ಲೂ ಹುರುಳಿದೆ: ವಾರಕ್ಕೆ 150 ನಿಮಿಷದ ಬಿರುಸು ನಡಿಗೆಯಿಂದಲೂ ಒಳ್ಳೆಯ ಆರೋಗ್ಯ ಸಿಗುತ್ತದೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಓಡುವುದು ನಿಮ್ಮ ಆಯ್ಕೆ, ಕಡ್ಡಾಯವಲ್ಲ. ಆದರೆ ಆ ಮೊದಲ ವಾರದ ಖುಷಿಯನ್ನು ನೀವು ಮರೆತಿಲ್ಲ. ಅದು ಉಳಿಸಿಕೊಳ್ಳಬೇಕಾದ ಖುಷಿ. ‘ನಡಿಗೆ, ಓಟ ಎರಡೂ ಬೆರೆಸಿ ಮಾಡ್ತೀನಿ, ನೋವಾದ್ರೆ ನಿಲ್ಲಿಸ್ತೀನಿ’ ಎಂದು ಹೇಳಿ ನೋಡಿ. ಅವರ ಆತಂಕವೂ ಇಳಿಯುತ್ತದೆ.

ಕೊನೆಯದಾಗಿ ಅಮ್ಮನ ಬಗ್ಗೆ. ಮಂಡಿ ಸವೆದವರಿಗೂ ಮೊದಲು ಹೇಳುವ ಚಿಕಿತ್ಸೆಗಳಲ್ಲಿ ವ್ಯಾಯಾಮ ಮುಖ್ಯವಾದದ್ದು. ಅವರ ಡಾಕ್ಟರನ್ನು ಕೇಳಿ, ಅವರಿಗೆ ಆಗುವಷ್ಟನ್ನು ನಿಮ್ಮ ಜೊತೆಗೇ ಮಾಡಿಸಿ. ಎತ್ತರದ ಕುರ್ಚಿಯಲ್ಲಿ ಅವರು ಐದು ಸಲ, ನೀವು ಹತ್ತು ಸಲ. ಅವರನ್ನು ನೋಡಿ ಹೆದರುವುದಕ್ಕಿಂತ ಅವರ ಜೊತೆ ಎದ್ದು ಕೂರುವುದು ಇಬ್ಬರಿಗೂ ಒಳ್ಳೆಯದು.

ಇವತ್ತು ಒಂದೇ ಕೆಲಸ ಮಾಡಿ. ಶೂಗಳನ್ನು ಮಂಚದ ಕೆಳಗಿಂದ ತೆಗೆದು ಬಾಗಿಲ ಬಳಿ ಇಡಿ. ನಾಳೆ ಬೆಳಿಗ್ಗೆ ಅವನ್ನು ಹಾಕಿಕೊಂಡು ಹೋಗಿ, ಬರೀ ನಡೆದು ಬನ್ನಿ. ಆರು ವಾರದ ಮೇಲೆ ಮಂಡಿ ಹೇಗಿದೆ ಎಂದು ನನಗೆ ಬರೆಯಿರಿ, ಅಮ್ಮನ ಮಂಡಿಯ ಬಗ್ಗೆಯೂ.