ಸಾರಥಿಯಿಲ್ಲದ ರಥ

ಬೆಳಗಾವಿ ಜಿಲ್ಲೆಯ ಚಿಕ್ಕೋಡಿ ತಾಲೂಕಿನಲ್ಲಿ ಕರೋಶಿ ಎಂಬ ಗ್ರಾಮವಿದೆ. ಸುತ್ತಲಿನದು ಕಬ್ಬಿನ ಸೀಮೆ. ಕಬ್ಬು ಕಡಿಯುವ ಕಾಲ ಬಂದಿತೆಂದರೆ ಆ ಸೀಮೆಯ ದಾರಿಗಳಿಗೆ ಹಗಲು ರಾತ್ರಿಗಳ ಭೇದವಿರುವುದಿಲ್ಲ. ಕಾರಖಾನೆಗೆ ಕಬ್ಬು ಮುಟ್ಟಿಸಿ ಸರಿರಾತ್ರಿಯಲ್ಲಿ ಊರಿಗೆ ಮರಳುವ ಚಕ್ಕಡಿಯ ನೋಟ ಅಲ್ಲಿಯ ಹಿರಿಯರ ನೆನಪಿನಲ್ಲಿ ಇನ್ನೂ ಹಸಿರಾಗಿದೆ. ದಣಿದ ರೈತನು ಕಂಬಳಿ ಹೊದ್ದು ಚಕ್ಕಡಿಯಲ್ಲಿ ನಿದ್ದೆಹೋಗಿರುತ್ತಾನೆ. ಹಗ್ಗ ಸಡಿಲವಾಗಿ ಬಿದ್ದಿರುತ್ತದೆ. ಎತ್ತುಗಳು ಮಾತ್ರ ಕೊರಳ ಗೆಜ್ಜೆಯ ಸಪ್ಪಳ ಮಾಡುತ್ತ ತಮ್ಮಷ್ಟಕ್ಕೆ ತಾವೇ ನಡೆಯುತ್ತಿರುತ್ತವೆ. ತಗ್ಗು ಬಂದರೆ ಬಳಸಿ ಹೋಗುತ್ತವೆ; ಹಳ್ಳ ಬಂದರೆ ನಿಧಾನಿಸುತ್ತವೆ; ಕವಲುದಾರಿಯಲ್ಲಿ ತಪ್ಪದೆ ಹೊರಳುತ್ತವೆ. ರೈತನಿಗೆ ಎಚ್ಚರವಾಗುವುದು ಚಕ್ಕಡಿ ಮನೆಯ ಮುಂದೆ ಬಂದು ನಿಂತಾಗಲೇ.

ಚಕ್ಕಡಿಯ ಜಾಗದಲ್ಲಿ ಮೋಟಾರು ವಾಹನ ಬಂದಿತು. ಮನುಷ್ಯನಿಗೆ ವೇಗ ದೊರೆಯಿತು; ಆದರೆ ಎತ್ತಿಗಿದ್ದ ಅರಿವು ಆ ವಾಹನಕ್ಕೆ ಇರಲಿಲ್ಲ. ಚಾಲಕನು ಒಂದು ಕ್ಷಣ ಕಣ್ಣು ಮುಚ್ಚಿದರೂ ಅದು ದಾರಿ ಬಿಟ್ಟು ಹಳ್ಳಕ್ಕೆ ಇಳಿಯುತ್ತದೆ. ಎತ್ತಿಗೆ ಸಹಜವಾಗಿರುವ ಅರಿವನ್ನು ಯಂತ್ರಕ್ಕೆ ಕಲಿಸಲು ಸಾಧ್ಯವೇ? ಈ ಪ್ರಶ್ನೆಗೆ ಉತ್ತರವನ್ನು ಹುಡುಕಲು ಅಮೆರಿಕದ ಮರುಭೂಮಿಯಲ್ಲಿ ಒಂದು ವಿಚಿತ್ರವಾದ ಸ್ಪರ್ಧೆ ನಡೆಯಿತು. ಚಿಕ್ಕೋಡಿ, ರಾಯಬಾಗ ಸೀಮೆಯ ಜಾತ್ರೆಗಳಲ್ಲಿ ಎತ್ತಿನ ಗಾಡಿಗಳ ಶರ್ಯತ್ತನ್ನು ನೋಡಿದವರು ಗಾಡಿ ಹೊಡೆಯುವವನ ಚಾತುರ್ಯವನ್ನು ಮೆಚ್ಚುತ್ತಾರೆ. ಈ ಶರ್ಯತ್ತಿನಲ್ಲಾದರೋ ಗಾಡಿ ಹೊಡೆಯುವವನೇ ಇರಲಿಲ್ಲ.

ಅಮೆರಿಕದ ರಕ್ಷಣಾ ಇಲಾಖೆಗೆ ಸೇರಿದ ಡಾರ್ಪಾ ಎಂಬ ಸಂಶೋಧನಾ ಸಂಸ್ಥೆ ಈ ಸ್ಪರ್ಧೆಯನ್ನು ಏರ್ಪಡಿಸಿತು. ಯುದ್ಧಭೂಮಿಯಲ್ಲಿ ಸಾಮಗ್ರಿ ಸಾಗಿಸುವ ಸೈನಿಕರ ಪ್ರಾಣ ಉಳಿಯಬೇಕಾದರೆ ಚಾಲಕನಿಲ್ಲದೆ ನಡೆಯುವ ವಾಹನ ಬೇಕು ಎಂಬುದು ಅದರ ಉದ್ದೇಶ. 2004ರ ಮಾರ್ಚ್ 13ರಂದು ಮೊಹಾವಿ ಮರುಭೂಮಿಯಲ್ಲಿ 15 ವಾಹನಗಳು ಸಜ್ಜಾಗಿ ನಿಂತವು. ಸಾಗಬೇಕಾದ ದೂರ ಸುಮಾರು 228 ಕಿಲೋಮೀಟರು; ಅವಧಿ ಹತ್ತು ಗಂಟೆ; ಗೆದ್ದವರಿಗೆ 10 ಲಕ್ಷ ಡಾಲರು ಬಹುಮಾನ. ವಾಹನದೊಳಗೆ ಯಾರೂ ಕುಳಿತಿರಬಾರದು. ದೂರದಿಂದ ಯಾರೂ ಅದನ್ನು ನಡೆಸಲೂ ಬಾರದು.

ಆ ದಿನ ನಡೆದುದು ನಗೆಗೂ ಮರುಕಕ್ಕೂ ಈಡಾಗುವಂಥದು. ಒಂದು ಮೋಟಾರ್ ಸೈಕಲ್ಲು ಹೊರಟ ಜಾಗದಲ್ಲಿಯೇ ಮಗ್ಗುಲಾಗಿ ಬಿದ್ದಿತು. ಅದನ್ನು ಬೀಳದಂತೆ ನಿಲ್ಲಿಸುವ ಉಪಕರಣದ ಗುಂಡಿಯನ್ನು ಒತ್ತುವುದನ್ನೇ ಅದರ ನಿರ್ಮಾಪಕರು ಮರೆತಿದ್ದರು. ಪಿಟ್ಸ್‌ಬರ್ಗಿನ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ‘ಸ್ಯಾಂಡ್‌ಸ್ಟಾರ್ಮ್’ ಎಂಬ ವಾಹನ ಎಲ್ಲಕ್ಕಿಂತ ಮುಂದೆ ಹೋಯಿತು. ಆದರೆ 12 ಕಿಲೋಮೀಟರು ತುಂಬುವ ಮೊದಲೇ ಬೆಟ್ಟದ ತಿರುವೊಂದರಲ್ಲಿ ಅದು ದಾರಿಯ ಅಂಚಿಗೆ ಸಿಕ್ಕಿಬಿದ್ದಿತು. ಚಕ್ರಗಳು ನಿಂತಲ್ಲಿಯೇ ತಿರುಗಿ ರಬ್ಬರು ಹೊಗೆಯಾಡಿತು. ಗುರಿಯನ್ನು ಯಾರೂ ಮುಟ್ಟಲಿಲ್ಲ. ಬಹುಮಾನ ಯಾರಿಗೂ ಸಲ್ಲಲಿಲ್ಲ.

ಇದು ಅಸಾಧ್ಯದ ಕೆಲಸವೆಂದು ಹಲವರು ನಕ್ಕರು. ಡಾರ್ಪಾ ಸಂಸ್ಥೆ ಮಾತ್ರ ಬಹುಮಾನವನ್ನು 20 ಲಕ್ಷ ಡಾಲರುಗಳಿಗೆ ಏರಿಸಿ ಮರುವರ್ಷ ಮತ್ತೆ ಸ್ಪರ್ಧೆ ನಡೆಯುವುದೆಂದು ಸಾರಿತು.

ಸೋತವರ ಮುಂದೆ ಇದ್ದ ತೊಡಕು ಯಾವುದು? ಯಂತ್ರಕ್ಕೆ ಕಣ್ಣಿರಲಿಲ್ಲವೆಂದಲ್ಲ. ಕ್ಯಾಮರಾ ಇತ್ತು, ಬೆಳಕಿನ ಕಿರಣವನ್ನು ಬಿಟ್ಟು, ಅದು ಮರಳಿ ಬರುವ ಕಾಲದಿಂದ ದೂರವನ್ನು ಅಳೆಯುವ ಲೇಸರ್ ಉಪಕರಣವೂ ಇತ್ತು, ತಾನಿರುವ ಸ್ಥಾನವನ್ನು ಉಪಗ್ರಹಗಳಿಂದ ತಿಳಿಯುವ ಸಾಧನವೂ ಇತ್ತು. ಕಾಣುವುದು ಯಂತ್ರಕ್ಕೆ ಕಷ್ಟವಲ್ಲ. ಕಂಡದ್ದನ್ನು ಗುರುತಿಸುವುದು ಕಷ್ಟ. ಒಣಹುಲ್ಲಿನ ಗಂಟಿಗೂ ಬಂಡೆಗಲ್ಲಿಗೂ ಇರುವ ಅಂತರ, ದಾರಿಯ ಮೇಲೆ ಬಿದ್ದ ನೆರಳಿಗೂ ತಗ್ಗಿಗೂ ಇರುವ ಅಂತರ ಚಿಕ್ಕ ಮಗುವಿಗೆ ಗೊತ್ತು, ಯಂತ್ರಕ್ಕೆ ಗೊತ್ತಿಲ್ಲ.

ಈ ತೊಡಕನ್ನು ಎರಡು ತಂಡಗಳು ಎರಡು ಬಗೆಯಲ್ಲಿ ಎದುರಿಸಿದವು. ಕಾರ್ನೆಗಿ ಮೆಲನ್ ತಂಡದ ಮುಖಂಡರು ವಿಲಿಯಂ ವಿಟಾಕರ್. ಅವರು ‘ಸ್ಯಾಂಡ್‌ಸ್ಟಾರ್ಮ್’ ಜೊತೆಗೆ ‘ಹೈಲ್ಯಾಂಡರ್’ ಎಂಬ ಇನ್ನೊಂದು ವಾಹನವನ್ನೂ ಸಿದ್ಧಗೊಳಿಸಿದರು. ಸ್ಪರ್ಧೆಯ ದಾರಿಯ ವಿವರ ತಂಡಗಳ ಕೈಸೇರುವುದು ಹೊರಡುವ ಎರಡು ಗಂಟೆ ಮೊದಲು ಮಾತ್ರ. ಆ ಎರಡು ಗಂಟೆಗಳಲ್ಲಿ ತಂಡದವರೆಲ್ಲ ಕೂಡಿ ನಕಾಶೆಗಳನ್ನು ನೋಡಿ, ಯಾವ ತಿರುವಿನಲ್ಲಿ ಎಷ್ಟು ವೇಗವಿರಬೇಕೆಂದು ಹೆಜ್ಜೆ ಹೆಜ್ಜೆಗೂ ಗೊತ್ತುಪಡಿಸಿ ವಾಹನಕ್ಕೆ ತಿಳಿಸಬೇಕೆಂದು ಅವರು ಯೋಜಿಸಿದರು.

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ತಂಡಕ್ಕೆ ಸೆಬಾಸ್ಟಿಯನ್ ತ್ರುನ್ ಮುಖಂಡರು. ಜರ್ಮನಿಯಲ್ಲಿ ಹುಟ್ಟಿದ ಅವರು ಹಿಂದೆ ಕಾರ್ನೆಗಿ ಮೆಲನ್‌ನಲ್ಲಿಯೇ ಅಧ್ಯಾಪಕರಾಗಿದ್ದವರು. ಅವರ ವಾಹನದ ಹೆಸರು ‘ಸ್ಟ್ಯಾನ್ಲಿ’. ಅದರ ಮಾಳಿಗೆಯ ಮೇಲೆ ಐದು ಲೇಸರ್ ಉಪಕರಣಗಳೂ ಒಂದು ಕ್ಯಾಮರಾವೂ ಇದ್ದವು. ಪರೀಕ್ಷೆಗೆಂದು ಮರುಭೂಮಿಗೆ ಒಯ್ದಾಗ ಒಂದು ಚಮತ್ಕಾರ ಕಂಡುಬಂದಿತು. ಒರಟು ದಾರಿಯಲ್ಲಿ ವಾಹನ ಕುಲುಕಿದೊಡನೆ ಲೇಸರಿನ ಅಳತೆ ತಪ್ಪುತ್ತಿತ್ತು. ಸಮತಟ್ಟಾದ ನೆಲವೇ ಗೋಡೆಯಂತೆ ತೋರುತ್ತಿತ್ತು. ಇಲ್ಲದ ಗೋಡೆಗೆ ಹೆದರಿ ವಾಹನ ದಾರಿ ಬಿಟ್ಟು ಹೊರಳುತ್ತಿತ್ತು.

ಈ ಭ್ರಮೆಯನ್ನು ಕಳೆಯುವ ಬಗೆ ಹೇಗೆ? ತಂಡದವರು ಒಬ್ಬ ಮನುಷ್ಯನನ್ನು ಚಾಲಕನ ಜಾಗದಲ್ಲಿ ಕೂರಿಸಿ ಮರುಭೂಮಿಯ ದಾರಿಗಳಲ್ಲಿ ವಾಹನವನ್ನು ನಡೆಸಿದರು. ಮನುಷ್ಯನು ಚಕ್ರ ಹಾಯಿಸಿದ ನೆಲವೆಲ್ಲ ದಾರಿಯೇ ಸರಿ. ಅದನ್ನು ಯಂತ್ರವು ಮೊದಲು ಗೋಡೆಯೆಂದು ಎಣಿಸಿದ್ದರೆ ತಪ್ಪು ಯಂತ್ರದ್ದು. ಹೀಗೆ ತನ್ನ ತಪ್ಪುಗಳನ್ನು ತಾನೇ ತಾಳೆನೋಡಿ ತಿದ್ದಿಕೊಳ್ಳುವಂತೆ ಅದರ ಗಣಕಗಳಿಗೆ ಪಾಠವಾಯಿತು. ಇದು ನಮ್ಮ ರೈತರಿಗೆ ಹೊಸತಲ್ಲ. ಎಳೆಯ ಹೋರಿಯನ್ನು ಪಳಗಿದ ಎತ್ತಿನ ಜೊತೆ ನೊಗಕ್ಕೆ ಕಟ್ಟುತ್ತಾರೆ. ಹಿರಿಯ ಎತ್ತು ಹೆಜ್ಜೆಯಿಟ್ಟ ಕಡೆ ಹೋರಿಯೂ ಹೆಜ್ಜೆಯಿಟ್ಟು ದಾರಿಯನ್ನು ಕಲಿಯುತ್ತದೆ.

ಇನ್ನೊಂದು ಉಪಾಯವನ್ನೂ ಅವರು ಕಂಡುಹಿಡಿದರು. ಲೇಸರಿಗೆ ಸುಮಾರು 25 ಮೀಟರಿನವರೆಗಿನ ನೆಲ ಮಾತ್ರ ಚೆನ್ನಾಗಿ ತಿಳಿಯುತ್ತಿತ್ತು. ವೇಗವಾಗಿ ಹೋಗಲು ಅದು ಸಾಲದು. ಕ್ಯಾಮರಾಕ್ಕೆ ಬಹುದೂರ ಕಾಣುತ್ತಿತ್ತು. ಆದರೆ ದಾರಿ ಯಾವುದೆಂದು ತಿಳಿಯುತ್ತಿರಲಿಲ್ಲ. ಆದ್ದರಿಂದ ಹತ್ತಿರದಲ್ಲಿ ಲೇಸರು ‘ಇದು ದಾರಿ’ ಎಂದು ತೋರಿಸಿದ ನೆಲದ ಬಣ್ಣವನ್ನು ಕ್ಯಾಮರಾ ಗಮನಿಸಿ, ದೂರದಲ್ಲಿ ಅದೇ ಬಣ್ಣದ ನೆಲವನ್ನು ಹುಡುಕುವಂತೆ ಏರ್ಪಡಿಸಿದರು. ಮಣ್ಣಿನ ಬಣ್ಣ ಬದಲಾದಂತೆ ಕ್ಯಾಮರಾದ ಪಾಠವೂ ಬದಲಾಗುತ್ತಿತ್ತು. ಕುಂಟನೂ ಕುರುಡನೂ ಕೂಡಿ ಊರು ಸೇರಿದ ಕತೆಯಂತೆ, ಒಂದರ ಕೊರತೆಯನ್ನು ಇನ್ನೊಂದು ತುಂಬಿತು.

2005ರ ಅಕ್ಟೋಬರ್ 8ರಂದು ನೆವಾಡಾ ರಾಜ್ಯದ ಪ್ರಿಮ್ ಎಂಬಲ್ಲಿ 23 ವಾಹನಗಳು ಕಣಕ್ಕಿಳಿದವು. ಈ ಸಲದ ದಾರಿ ಸುಮಾರು 212 ಕಿಲೋಮೀಟರು. ನಡುವೆ ಇಕ್ಕಟ್ಟಾದ ಮೂರು ಸುರಂಗಗಳು, ನೂರಕ್ಕೂ ಹೆಚ್ಚು ತಿರುವುಗಳು, ಕೊನೆಯಲ್ಲಿ ಒಂದು ಕಡೆ ಪ್ರಪಾತವಿರುವ ಕಣಿವೆಯ ದಾರಿ. ಮೊದಲು ‘ಹೈಲ್ಯಾಂಡರ್’, ಅದರ ಹಿಂದೆ ‘ಸ್ಟ್ಯಾನ್ಲಿ’, ತರುವಾಯ ‘ಸ್ಯಾಂಡ್‌ಸ್ಟಾರ್ಮ್’ ಹೊರಟವು. ಒಮ್ಮೆ ವಾಹನ ಕಣ್ಮರೆಯಾದ ಮೇಲೆ ತಂಡದವರಿಗೆ ಮಾಡಲು ಏನೂ ಉಳಿದಿರಲಿಲ್ಲ. ಪರೀಕ್ಷೆಯ ಕೊಠಡಿಯೊಳಗೆ ಮಗನನ್ನು ಕಳಿಸಿ ಹೊರಗೆ ಕಾಯುವ ತಂದೆಯಂತೆ ಅವರು ಕಾದರು.

‘ಹೈಲ್ಯಾಂಡರ್’ ಮೊದಲು ಬಿರುಸಾಗಿ ಓಡಿತು. ಗೆಲುವು ಅದರದೇ ಎಂದು ಎಲ್ಲರೂ ಬಗೆದಿದ್ದರು. ಆದರೆ ಏರುದಾರಿಗಳಲ್ಲಿ ಅದರ ಎಂಜಿನು ಸೊರಗತೊಡಗಿತು. 160 ಕಿಲೋಮೀಟರು ಕಳೆದ ಮೇಲೆ ‘ಸ್ಟ್ಯಾನ್ಲಿ’ ಅದನ್ನು ಹಿಂದೆ ಹಾಕಿತು. 6 ಗಂಟೆ 54 ನಿಮಿಷಗಳಲ್ಲಿ ‘ಸ್ಟ್ಯಾನ್ಲಿ’ ಗುರಿ ಮುಟ್ಟಿತು. ‘ಸ್ಯಾಂಡ್‌ಸ್ಟಾರ್ಮ್’ 7 ಗಂಟೆ 5 ನಿಮಿಷಗಳನ್ನೂ, ‘ಹೈಲ್ಯಾಂಡರ್’ 7 ಗಂಟೆ 14 ನಿಮಿಷಗಳನ್ನೂ ತೆಗೆದುಕೊಂಡವು. ನಾಲ್ಕನೆಯದಾಗಿ ಬಂದುದು ಲೂಸಿಯಾನಾ ರಾಜ್ಯದ ವಿಮಾಸಂಸ್ಥೆಯೊಂದರ ತಂಡದ ವಾಹನ. ಸ್ಪರ್ಧೆಗೆ ಆರು ವಾರಗಳಷ್ಟೇ ಮೊದಲು ಅವರ ಸೀಮೆಯನ್ನು ಕತ್ರೀನಾ ಚಂಡಮಾರುತ ಹಾಳುಗೆಡವಿತ್ತು. ಆದರೂ ಅವರು ಹಿಂದೆಗೆಯಲಿಲ್ಲ. ಒಟ್ಟು ಐದು ವಾಹನಗಳು ದಾರಿಯನ್ನು ಪೂರೈಸಿದವು. ಇದಕ್ಕಿಂತ ಗಮನಾರ್ಹವಾದ ಸಂಗತಿ ಇನ್ನೊಂದುಂಟು. ಹಿಂದಿನ ವರ್ಷ ಎಲ್ಲರಿಗಿಂತ ಮುಂದೆ ಹೋದ ವಾಹನ ಕ್ರಮಿಸಿದ ದೂರವನ್ನು ಈ ವರ್ಷ 23ರಲ್ಲಿ 22 ವಾಹನಗಳು ದಾಟಿದವು. ಒಂದೂವರೆ ವರ್ಷದ ಹಿಂದೆ ಯಾವುದು ನಗೆಪಾಟಲಾಗಿತ್ತೋ ಅದೇ ಸೋಲು ಈ ಗೆಲುವಿನ ಬೀಜವಾಗಿತ್ತು.

‘ಹೈಲ್ಯಾಂಡರ್’ ಏಕೆ ಸೊರಗಿತು? ತಂಡದವರು ಅಂದು ಎಷ್ಟು ಹುಡುಕಿದರೂ ಕಾರಣ ಸಿಗಲಿಲ್ಲ. ಹನ್ನೆರಡು ವರ್ಷಗಳ ಬಳಿಕ, 2017ರಲ್ಲಿ, ಆ ಹಳೆಯ ವಾಹನದ ಎಂಜಿನಿನಲ್ಲಿದ್ದ ಒಂದು ಚಿಕ್ಕ ವಿದ್ಯುತ್ ಶೋಧಕದ ಮೇಲೆ ಒತ್ತಡ ಬಿದ್ದಾಗ ಎಂಜಿನು ಬಲಗುಂದುವುದು ಕಂಡಿತು. ಅಂಗೈಯಲ್ಲಿ ಅಡಗುವಂಥ ಒಂದು ಬಿಡಿಭಾಗ 20 ಲಕ್ಷ ಡಾಲರುಗಳ ಗೆಲುವನ್ನು ತಪ್ಪಿಸಿತ್ತು! ಬಹುಮಾನ ಕೈತಪ್ಪಿ ಎಷ್ಟೋ ವರ್ಷ ಕಳೆದರೂ ಕಾರಣದ ಹುಡುಕಾಟ ನಿಂತಿರಲಿಲ್ಲ ಎಂಬುದೇ ಇಲ್ಲಿ ಮೆಚ್ಚತಕ್ಕ ಮಾತು.

ಸೋತ ತಂಡ ಸುಮ್ಮನೆ ಕುಳಿತಿರಲೂ ಇಲ್ಲ. 2007ರ ನವೆಂಬರ್ 3ರಂದು ಮೂರನೆಯ ಸ್ಪರ್ಧೆ ಕ್ಯಾಲಿಫೋರ್ನಿಯಾದ ಹಳೆಯ ವಾಯುನೆಲೆಯೊಂದರ ಬೀದಿಗಳಲ್ಲಿ ನಡೆಯಿತು. ಈ ಸಲ ಬೇರೆ ವಾಹನಗಳ ನಡುವೆ, ಸಂಚಾರದ ನಿಯಮಗಳನ್ನು ಪಾಲಿಸುತ್ತ, ಸುಮಾರು 96 ಕಿಲೋಮೀಟರುಗಳನ್ನು ಆರು ಗಂಟೆಗಳೊಳಗೆ ಸಾಗಬೇಕಾಗಿತ್ತು. ಕಾರ್ನೆಗಿ ಮೆಲನ್ ತಂಡದ ‘ಬಾಸ್’ ಮೊದಲ ಸ್ಥಾನವನ್ನು ಪಡೆಯಿತು; ಸ್ಟ್ಯಾನ್‌ಫರ್ಡ್ ತಂಡ ಎರಡನೆಯದಾಯಿತು.

ಇಲ್ಲಿಗೆ ಕತೆ ಸುಖವಾಗಿ ಮುಗಿಯಿತೆಂದು ಹೇಳುವಂತಿಲ್ಲ. ಮರುಭೂಮಿಯಲ್ಲಿ ತಪ್ಪಿದರೆ ಯಂತ್ರಕ್ಕೆ ಹಾನಿ. ಊರಿನಲ್ಲಿ ತಪ್ಪಿದರೆ ಜೀವಕ್ಕೆ ಹಾನಿ. 2018ರ ಮಾರ್ಚ್ ತಿಂಗಳಲ್ಲಿ ಅರಿಝೋನಾ ರಾಜ್ಯದ ಟೆಂಪಿ ನಗರದಲ್ಲಿ, ಪರೀಕ್ಷೆಗಾಗಿ ಓಡಿಸುತ್ತಿದ್ದ ಇಂಥ ಒಂದು ಕಾರು, ರಾತ್ರಿಯ ಹೊತ್ತು ಸೈಕಲ್ಲನ್ನು ತಳ್ಳಿಕೊಂಡು ರಸ್ತೆ ದಾಟುತ್ತಿದ್ದ ಮಹಿಳೆಯೊಬ್ಬರಿಗೆ ಬಡಿದು ಅವರು ತೀರಿಕೊಂಡರು. ಕಾರಿನ ಉಪಕರಣಗಳು ಅವರನ್ನು ಕಂಡಿದ್ದವು. ಆದರೆ ಕಂಡದ್ದು ವಾಹನವೋ, ಸೈಕಲ್ಲೋ, ಬೇರೆ ವಸ್ತುವೋ ಎಂದು ಕ್ಷಣಕ್ಕೊಂದು ತೀರ್ಮಾನ ಮಾಡುವುದರಲ್ಲಿ ಕಾಲ ಮೀರಿತು. ಮೇಲ್ವಿಚಾರಣೆಗೆಂದು ಕಾರಿನಲ್ಲಿ ಕುಳಿತಿದ್ದ ವ್ಯಕ್ತಿಯ ಕಣ್ಣು ರಸ್ತೆಯ ಮೇಲಿರಲಿಲ್ಲ. ಯಂತ್ರ ತಪ್ಪುವುದರ ಜೊತೆಗೆ, ಯಂತ್ರವನ್ನು ನಂಬಿ ಮನುಷ್ಯ ಮೈಮರೆಯುವುದೂ ಅಪಾಯವೇ ಆಗಿದೆ.

2020ರಲ್ಲಿ ಅಮೆರಿಕದ ಫೀನಿಕ್ಸ್ ನಗರದಲ್ಲಿ ಚಾಲಕನಿಲ್ಲದ ಬಾಡಿಗೆ ಕಾರುಗಳು ಜನರನ್ನು ಒಯ್ಯತೊಡಗಿದವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ವಿಪ್ರೋ ಸಂಸ್ಥೆ ಹಾಗೂ ಆರ್. ವಿ. ಇಂಜಿನಿಯರಿಂಗ್ ಕಾಲೇಜುಗಳು ಕೂಡಿ ರೂಪಿಸಿದ ಇಂಥ ಕಾರು 2025ರಲ್ಲಿ ಜನರ ಕಣ್ಣಿಗೆ ಬಿದ್ದಿತು. ಆದರೆ ನಮ್ಮ ದಾರಿಗಳ ಪಾಠ ಬೇರೆ. ಕರೋಶಿಯ ರಸ್ತೆಯಲ್ಲಿ ಕಬ್ಬು ಹೇರಿಕೊಂಡು ಹಿಂದೆ ದೀಪವಿಲ್ಲದೆ ಸಾಗುವ ಟ್ರ್ಯಾಕ್ಟರು, ಕುರಿಮಂದೆ, ಪಲ್ಲಕ್ಕಿಯ ಮೆರವಣಿಗೆ, ಸೈಕಲ್ಲು ತಳ್ಳಿಕೊಂಡು ಶಾಲೆಯಿಂದ ಬರುವ ಹುಡುಗಿ ಇವರೆಲ್ಲರನ್ನೂ ಗುರುತಿಸಲು ಮೊಹಾವಿಯ ಮರುಭೂಮಿ ಕಲಿಸಲಾರದು. ಅದನ್ನು ಇಲ್ಲಿಯವರೇ ಕಲಿಸಬೇಕು. ಇದಲ್ಲದೆ, ಲಕ್ಷಾಂತರ ಚಾಲಕರ ಕುಟುಂಬಗಳು ಉಣ್ಣುವುದು ಈ ದುಡಿಮೆಯಿಂದಲೇ. 2017ರಲ್ಲಿ ಕೇಂದ್ರ ಸಾರಿಗೆ ಸಚಿವರಾಗಿದ್ದ ನಿತಿನ್ ಗಡ್ಕರಿಯವರು, ಉದ್ಯೋಗವನ್ನು ಕಸಿಯುವ ಚಾಲಕರಹಿತ ಕಾರುಗಳಿಗೆ ದೇಶದಲ್ಲಿ ಅವಕಾಶವಿಲ್ಲವೆಂದು ಸಾರಿದ್ದುಂಟು. ಯಂತ್ರವು ದಾರಿಯನ್ನು ಕಲಿಯಬಲ್ಲದು. ಅದು ಯಾರಿಗಾಗಿ ಓಡಬೇಕೆಂಬುದನ್ನು ಮಾತ್ರ ಮನುಷ್ಯನೇ ನಿರ್ಧರಿಸಬೇಕು.

ಕರೋಶಿಯ ಎತ್ತು ಮನೆಯ ದಾರಿಯನ್ನು ಕಲಿತದ್ದು ಒಂದು ದಿನದಲ್ಲಿ ಅಲ್ಲ. ಎಷ್ಟೋ ಸಲ ತಪ್ಪು ಹೆಜ್ಜೆಯಿಟ್ಟು, ರೈತನು ಹಗ್ಗ ಜಗ್ಗಿ ತಿದ್ದಿದ ಬಳಿಕವೇ ಅದಕ್ಕೆ ದಾರಿ ತಿಳಿಯಿತು. ‘ಸ್ಟ್ಯಾನ್ಲಿ’ ಕಲಿತದ್ದೂ ಹಾಗೆಯೇ. ಅದನ್ನು ಕಟ್ಟಿದವರು ಕಲಿತದ್ದೂ ಹಾಗೆಯೇ. ತಪ್ಪನ್ನು ಮುಚ್ಚಿಡದೆ, ಅದರ ಕಾರಣವನ್ನು ಹುಡುಕಿ ತಿದ್ದಿಕೊಂಡವನಿಗೆ ದಾರಿ ಕಾಣುತ್ತದೆ.

ಅಭ್ಯಾಸ

1. ಕಾಣುವುದಕ್ಕೂ ಗುರುತಿಸುವುದಕ್ಕೂ ಇರುವ ಅಂತರವನ್ನು ಪಾಠದ ಉದಾಹರಣೆಗಳಿಂದ ವಿವರಿಸಿರಿ.
2. ‘ಸ್ಟ್ಯಾನ್ಲಿ’ಗೆ ದಾರಿಯನ್ನು ಕಲಿಸಿದ ಎರಡು ಉಪಾಯಗಳು ಯಾವುವು?
3. 2004ರ ಸೋಲು 2005ರ ಗೆಲುವಿಗೆ ಬೀಜವಾಯಿತೆಂದು ಹೇಳಲು ಕಾರಣವೇನು?
4. ನಿಮ್ಮ ಊರಿನ ರಸ್ತೆಯಲ್ಲಿ ಚಾಲಕನಿಲ್ಲದ ವಾಹನ ಕಲಿಯಬೇಕಾದ ಐದು ಸಂಗತಿಗಳನ್ನು ಬರೆಯಿರಿ.