ಮೂತ್ರಪಿಂಡಕ್ಕೂ ರಾತ್ರಿಯಾಗುತ್ತದೆ: ವಿಸರ್ಜನೆಯ ಪಾಠದಲ್ಲಿ ಬಿಟ್ಟುಹೋದ ಒಂದು ಪ್ರಶ್ನೆ

ಕಳೆದ ಬೋಧನಾಭ್ಯಾಸದ ಅವಧಿಯಲ್ಲಿ ಖಾನಾಪುರ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಹತ್ತನೆಯ ತರಗತಿಯ ‘ಜೀವಕ್ರಿಯೆಗಳು’ ಘಟಕದ ಪಾಠವನ್ನು ಹಿಂದಿನ ಬೆಂಚಿನಲ್ಲಿ ಕುಳಿತು ಅವಲೋಕಿಸುತ್ತಿದ್ದೆ. ಪಾಠಾಂಶ ವಿಸರ್ಜನೆ. ಪ್ರಶಿಕ್ಷಣಾರ್ಥಿಯ ಸಿದ್ಧತೆ ಚೆನ್ನಾಗಿತ್ತು. ನೆಫ್ರಾನಿನ ಚಿತ್ರಪಟ ಸ್ವತಃ ಬರೆದದ್ದು, ಕಪ್ಪುಹಲಗೆಯ ಕೆಲಸ ಅಚ್ಚುಕಟ್ಟು. ಕೊನೆಯ ಐದು ನಿಮಿಷ ಪ್ರಶ್ನೆಪೆಟ್ಟಿಗೆಗೆ ಮೀಸಲು. ಮಕ್ಕಳು ಹೆಸರು ಬರೆಯದೆ ಹಾಕಿದ್ದ ಚೀಟಿಗಳಲ್ಲಿ ಒಂದನ್ನು ಆತ ಗಟ್ಟಿಯಾಗಿ ಓದಿದ: “ಸರ್, ರಾತ್ರಿ ನಿದ್ದಿಯೊಳಗ ಹಾಸಿಗ್ಯಾಗ ಉಚ್ಚಿ ಹೋಗೂದು ಕಿಡ್ನಿ ರೋಗ ಏನ್ರಿ? ನನಗಲ್ಲ, ನನ್ನ ತಮ್ಮಗ.” ತರಗತಿ ಗೊಳ್ಳೆಂದು ನಕ್ಕಿತು. ಆತನೂ ನಕ್ಕು, “ಅದು ರೋಗ ಅಲ್ಲ, ಕೆಟ್ಟ ಚಟ. ಎರಡು ದಿನ ಬೈದರೆ ಸರಿಹೋಗುತ್ತದೆ” ಎಂದು ಮುಂದಿನ ಚೀಟಿ ತೆಗೆದ.

ನಾನು ಅವಲೋಕನ ಪತ್ರದಲ್ಲಿ ‘ಪ್ರಶ್ನೆಗಳನ್ನು ಧೈರ್ಯವಾಗಿ ಎದುರಿಸುತ್ತಾರೆ’ ಎಂದು ಬರೆದೆ. ಬೆಳಗಾವಿಗೆ ಬಸ್ಸಿನಲ್ಲಿ ಹಿಂತಿರುಗುವಾಗ ಆ ಸಾಲು ನನ್ನನ್ನೇ ಚುಚ್ಚತೊಡಗಿತು. ಚೀಟಿ ಬರೆದ ಮಗು ಆ ನಗುವಿನ ನಡುವೆ ಎಲ್ಲೋ ಕುಳಿತಿತ್ತು. ‘ತಮ್ಮ’ ನಿಜವಾಗಿಯೂ ತಮ್ಮನೇ ಎಂದು ಯಾರು ಹೇಳಬೇಕು? ಆದರೆ ತಪ್ಪು ಆ ಒಬ್ಬ ಪ್ರಶಿಕ್ಷಣಾರ್ಥಿಯದಲ್ಲ. ನಾವು ತಿದ್ದಿ ಸಹಿ ಹಾಕುವ ವಿಸರ್ಜನೆಯ ಪಾಠಯೋಜನೆಗಳಲ್ಲಿ ಮೂತ್ರಪಿಂಡವು ಹಗಲು ರಾತ್ರಿಯೆನ್ನದೆ ಒಂದೇ ಸಮನೆ ಸೋಸುವ ಜರಡಿ. ಅದಕ್ಕೊಂದು ಗಡಿಯಾರವಿದೆ ಎಂದು ಯಾರೂ ಬರೆದಿಲ್ಲ, ನಾನೂ ಕೇಳಿಲ್ಲ. ಗಡಿಯಾರವಿಲ್ಲದ ಮೂತ್ರಪಿಂಡವನ್ನು ಕಲಿಸಿದವನಿಗೆ ಆ ಚೀಟಿಗೆ ಕೊಡಲು ಉತ್ತರವೇ ಇರುವುದಿಲ್ಲ. ಬೈಗುಳ ಮಾತ್ರ ಇರುತ್ತದೆ.

ಮರುವಾರ ಕಾಲೇಜಿನಲ್ಲಿ ಈ ಪಾಠವನ್ನು ಮತ್ತೆ ಕಟ್ಟಲು ಕುಳಿತೆವು. ಮೊದಲು ಎಲ್ಲರೂ ಬರೆಸುವ ಅಂಕಿಗಳು: ವಯಸ್ಕರ ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸುತ್ತವೆ, ಹೊರಹೋಗುವುದು ಒಂದೂವರೆ ಲೀಟರಿನಷ್ಟು. ಉಳಿದದ್ದೆಲ್ಲ ಮರುಹೀರಿಕೆ. ಇಲ್ಲಿ ನಿಲ್ಲಿಸಿ ಒಂದು ಪ್ರಶ್ನೆ ಕೇಳಬೇಕು. ಹಗಲಿನಲ್ಲಿ ಮೂರು ನಾಲ್ಕು ತಾಸಿಗೊಮ್ಮೆ ಮೂತ್ರಕ್ಕೆ ಹೋಗುವ ನಾವು ರಾತ್ರಿ ಎಂಟು ತಾಸು ಏಳದೆ ಮಲಗುವುದು ಹೇಗೆ? ‘ಮಲಗಿದಾಗ ನೀರು ಕುಡಿಯುವುದಿಲ್ಲವಲ್ಲ’ ಎಂಬ ಉತ್ತರ ಬಂದೇ ಬರುತ್ತದೆ. ಅದು ಅರ್ಧ ಉತ್ತರ.

ಉಳಿದರ್ಧಕ್ಕೆ ಶಾಲೆಯ ಬಯಲಿನ ಮುಟ್ಟಿದರೆ ಮುನಿ ಸಾಕು. ಸಂಜೆಯಾದರೆ ಅದು ಎಲೆ ಮಡಚುತ್ತದೆ. 1729ರಲ್ಲಿ ಫ್ರಾನ್ಸಿನ ದ ಮೆರಾನ್ ಇಂಥದೊಂದು ಗಿಡವನ್ನು ಕತ್ತಲಲ್ಲಿಟ್ಟು ನೋಡಿದರು. ಬಿಸಿಲು ಕಾಣದಿದ್ದರೂ ಅದು ಹೊತ್ತಿಗೆ ಸರಿಯಾಗಿ ಎಲೆ ತೆರೆದು ಮುಚ್ಚುತ್ತಿತ್ತು. ಅಂದರೆ ಗಡಿಯಾರ ಒಳಗಿದೆ. ಜೀವಕೋಶದೊಳಗೆ ಆ ಗಡಿಯಾರ ನಡೆಯುವ ಬಗೆಯನ್ನು ಹಣ್ಣಿನ ನೊಣದಲ್ಲಿ ತೋರಿಸಿದ ಹಾಲ್, ರೋಸ್‌ಬಾಶ್ ಮತ್ತು ಯಂಗ್ ಅವರಿಗೆ 2017ರ ವೈದ್ಯಕೀಯ ನೊಬೆಲ್ ಬಂತು. ನಮ್ಮಲ್ಲಿ ಮುಖ್ಯ ಗಡಿಯಾರ ಮೆದುಳಿನ ಹೈಪೊಥಲಾಮಸ್‌ನಲ್ಲಿದೆ. ವ್ಯಾಸೊಪ್ರೆಸಿನ್ ಎಂಬ ಹಾರ್ಮೋನು ತಯಾರಾಗುವುದೂ ಹೈಪೊಥಲಾಮಸ್‌ನಲ್ಲೇ. ಪಿಟ್ಯುಟರಿಯ ಹಿಂಭಾಗದಿಂದ ಅದು ರಕ್ತಕ್ಕೆ ಸೇರುತ್ತದೆ. ಸಾಮಾನ್ಯವಾಗಿ ರಾತ್ರಿ ಇದರ ಪ್ರಮಾಣ ಏರುತ್ತದೆ. ಮೂತ್ರಪಿಂಡದ ಸೋಸುವಿಕೆ, ಲವಣದ ವಿಸರ್ಜನೆ ಕೂಡ ರಾತ್ರಿ ತಗ್ಗುತ್ತವೆ. ಹೀಗಾಗಿ ರಾತ್ರಿಯ ಮೂತ್ರ ಹಗಲಿನ ಅರ್ಧದಷ್ಟಕ್ಕೆ ಇಳಿಯುತ್ತದೆ.

ವ್ಯಾಸೊಪ್ರೆಸಿನ್ ಮಾಡುವ ಕೆಲಸವನ್ನು ಹೇಗೆ ತೋರಿಸುವುದು ಎಂದು ತುಸು ಒದ್ದಾಡಿದೆವು. ಖಾನಾಪುರದ ಕಡೆಯಿಂದ ಬರುವ ಒಬ್ಬ ಪ್ರಶಿಕ್ಷಣಾರ್ಥಿನಿ ಎರಡು ಮಣ್ಣಿನ ಪಾತ್ರೆ ತಂದಳು: ಒಂದು ಸಾದಾ ಗಡಿಗೆ, ಇನ್ನೊಂದು ಒಳಗೆ ಹೊಳಪು ಲೇಪ ಕೊಟ್ಟ ಭರಣಿ. ಕೇಂದ್ರೀಯ ಗ್ರಾಮೀಣ ಕುಂಬಾರಿಕೆ ಸಂಸ್ಥೆ ಇರುವ ಊರಿನ ಮಕ್ಕಳಿಗೆ ಈ ವ್ಯತ್ಯಾಸ ಹೇಳಿಕೊಡಬೇಕಿಲ್ಲ. ಗಡಿಗೆಯ ಮೈ ಒಸರುತ್ತದೆ, ಭರಣಿಯದು ಒಸರುವುದಿಲ್ಲ. ಹಾರ್ಮೋನು ಇಲ್ಲದಾಗ ಸಂಗ್ರಾಹಕ ನಾಳದ ಗೋಡೆ ಭರಣಿಯ ಹಾಗೆ. ಒಳಗಿನ ನೀರೆಲ್ಲ ಮೂತ್ರವಾಗಿ ಕೆಳಗಿಳಿಯುತ್ತದೆ. ಹಾರ್ಮೋನು ಬಂದಾಗ ಗೋಡೆಯಲ್ಲಿ ಅಕ್ವಾಪೊರಿನ್ ಎಂಬ ನೀರಿನ ಬಾಗಿಲುಗಳು ಕೂಡಿಕೊಂಡು ಅದು ಗಡಿಗೆಯಾಗುತ್ತದೆ, ನೀರು ಒಸರಿ ರಕ್ತಕ್ಕೆ ಮರಳುತ್ತದೆ. (ಈ ಬಾಗಿಲುಗಳನ್ನು ಕಂಡುಹಿಡಿದ ಪೀಟರ್ ಆಗ್ರೆಗೆ 2003ರ ರಸಾಯನವಿಜ್ಞಾನದ ನೊಬೆಲ್ ಸಿಕ್ಕಿತು.) ಹೋಲಿಕೆಗೂ ಮಿತಿಯಿದೆ: ಗಡಿಗೆ ದಿನವಿಡೀ ಒಸರುತ್ತದೆ, ನಾಳದ ಬಾಗಿಲು ಗಡಿಯಾರ ನೋಡಿ ತೆರೆಯುತ್ತದೆ. ಆ ಮಿತಿಯನ್ನು ಮಕ್ಕಳ ಬಾಯಿಂದಲೇ ಹೊರಡಿಸಿದರೆ ಪಾಠ ಗೆದ್ದಂತೆ.

ಈಗ ಚೀಟಿಯ ಪ್ರಶ್ನೆಗೆ ಬರಬಹುದು. 1985ರಲ್ಲಿ ಡೆನ್ಮಾರ್ಕಿನ ಆರ್ಹುಸ್‌ನಲ್ಲಿ ನೋರ್ಗೋರ್ ಮತ್ತು ಸಂಗಡಿಗರು, 1989ರಲ್ಲಿ ರಿಟ್ಟಿಗ್ ಮತ್ತು ಸಂಗಡಿಗರು, ಹಾಸಿಗೆ ಒದ್ದೆಯಾಗುವ ಮಕ್ಕಳ ಹಾರ್ಮೋನನ್ನು ಹಗಲು ರಾತ್ರಿ ಅಳೆದರು. ಇಂಥ ಹಲವು ಮಕ್ಕಳಲ್ಲಿ ವ್ಯಾಸೊಪ್ರೆಸಿನ್ ರಾತ್ರಿ ಏರಬೇಕಾದಷ್ಟು ಏರುತ್ತಿರಲಿಲ್ಲ. ಅವರ ಮೂತ್ರಪಿಂಡ ರೋಗಗ್ರಸ್ತವಲ್ಲ. ಅದಕ್ಕಿನ್ನೂ ರಾತ್ರಿಯಾಗಿಲ್ಲ, ಅಷ್ಟೆ.

ಆದರೆ ಎಲ್ಲ ಮಕ್ಕಳದೂ ಇದೇ ಕಾರಣವೆಂದು ಹೇಳಿಬಿಡಬಾರದು. ಕೆಲವರಲ್ಲಿ ರಾತ್ರಿಯ ಮೂತ್ರ ಸಹಜವಾಗಿಯೇ ಇದ್ದು ಮೂತ್ರಕೋಶ ಹಿಡಿಯುವುದು ಕಡಿಮೆ. ಇವರಲ್ಲಿ ಯಾರೇ ಆಗಲಿ, ಮೂತ್ರಕೋಶ ತುಂಬಿದ ಸಂಜ್ಞೆಗೆ ಎಚ್ಚರವಾಗದಿರುವುದು ಮೂರನೆಯ ಕೊಂಡಿ. ಎಚ್ಚರವಾಗಿದ್ದರೆ ಎದ್ದು ಹೋಗುತ್ತಿದ್ದರಲ್ಲ! ಇಲ್ಲೊಂದು ಸಣ್ಣ ಲೆಕ್ಕ ಹಾಕಿಸಬಹುದು. ಮಗುವಿನ ಮೂತ್ರಕೋಶದ ನಿರೀಕ್ಷಿತ ಸಾಮರ್ಥ್ಯ ಮಿಲಿಲೀಟರಿನಲ್ಲಿ, ವಯಸ್ಸಿಗೆ ಒಂದು ಕೂಡಿಸಿ 30ರಿಂದ ಗುಣಿಸಿದಷ್ಟು. ಎಂಟು ವರ್ಷದ ಮಗುವಿಗೆ 270. ರಾತ್ರಿಯ ಮೂತ್ರ ಇದರ ಶೇ. 130ನ್ನು, ಅಂದರೆ 351 ಮಿಲಿಲೀಟರನ್ನು ದಾಟಿದರೆ ವೈದ್ಯರು ಅದನ್ನು ರಾತ್ರಿಯ ಅತಿಮೂತ್ರ ಎನ್ನುತ್ತಾರೆ. 270 ಹಿಡಿಯುವ ಕೊಡಕ್ಕೆ 351 ಸುರಿದು ‘ಚೆಲ್ಲಬೇಡ’ ಎಂದು ಬೈದರೆ ಕೊಡ ಏನು ಮಾಡೀತು ಎಂದು ಒಬ್ಬ ಪ್ರಶಿಕ್ಷಣಾರ್ಥಿ ಕೇಳಿದ. ಅದನ್ನು ಹಾಗೆಯೇ ಪಾಠಯೋಜನೆಗೆ ಸೇರಿಸಿದೆವು.

ಐದು ವರ್ಷದವರೆಗೆ ಇದನ್ನು ಸಮಸ್ಯೆಯೆಂದೇ ಎಣಿಸುವುದಿಲ್ಲ. ಏಳನೆಯ ವಯಸ್ಸಿನಲ್ಲಿ ನೂರಕ್ಕೆ ಐದರಿಂದ ಹತ್ತು ಮಕ್ಕಳಲ್ಲಿ ಇರುತ್ತದೆ. ನಲವತ್ತು ಮಕ್ಕಳ ಎರಡನೆಯ ತರಗತಿಯಲ್ಲಿ ಇಬ್ಬರಿಂದ ನಾಲ್ವರು. ಚಿಕಿತ್ಸೆಯಿಲ್ಲದೆಯೂ ವರ್ಷಕ್ಕೆ ನೂರಕ್ಕೆ ಸುಮಾರು 15 ಮಕ್ಕಳು ಇದರಿಂದ ಹೊರಬರುತ್ತಾರೆ. ತಂದೆ ತಾಯಿಯರಲ್ಲಿ ಒಬ್ಬರಿಗೆ ಇದ್ದಿದ್ದರೆ ಮಗುವಿಗೆ ಬರುವ ಸಾಧ್ಯತೆ ಶೇ. 44ರಷ್ಟು, ಇಬ್ಬರಿಗೂ ಇದ್ದಿದ್ದರೆ 77ರಷ್ಟು. ಬೈಯುವ ಅಪ್ಪನೇ ಚಿಕ್ಕವನಿದ್ದಾಗ ಚಾಪೆ ಒಣಗಿಸಿಕೊಂಡಿರಬಹುದು.

ತರಗತಿಯಲ್ಲಿ ಮಾಡಬಾರದ್ದು ಒಂದಿದೆ. ‘ನಿಮ್ಮಲ್ಲಿ ಯಾರಿಗೆ ಹೀಗಾಗುತ್ತದೆ’ ಎಂದು ಎಂದೂ ಕೇಳಬಾರದು, ಕೈ ಎತ್ತಿಸಬಾರದು. ಅಳತೆಯ ಚಟುವಟಿಕೆಯನ್ನೂ ಮಕ್ಕಳಿಗೆ ಕೊಡಲಿಲ್ಲ. ನಮ್ಮ ಪ್ರಶಿಕ್ಷಣಾರ್ಥಿಗಳೇ ಒಂದು ಹಗಲು ರಾತ್ರಿ ತಮ್ಮ ಮೂತ್ರವನ್ನು ಅಳೆದು, ಹೆಸರಿಲ್ಲದ ಸ್ತಂಭಾಲೇಖ ಬರೆದು ತಂದರು. ಮೊದಲ ದಿನ ಮುಸಿಮುಸಿ ನಕ್ಕವರು ಆಲೇಖದಲ್ಲಿ ರಾತ್ರಿಯ ಕಂಬಗಳು ಕುಗ್ಗಿದ್ದು ಕಂಡು ಸುಮ್ಮನಾದರು.

ನಮ್ಮ ಶಾಲೆಗಳಿಗೆ ಸಂಬಂಧಿಸಿದ ಇನ್ನೊಂದು ಮಾತು. ಶೌಚಾಲಯ ಸರಿಯಿಲ್ಲವೆಂದು ಅನೇಕ ಮಕ್ಕಳು, ಹೆಚ್ಚಾಗಿ ಹುಡುಗಿಯರು, ಹಗಲೆಲ್ಲ ನೀರು ಕುಡಿಯುವುದಿಲ್ಲ. ಸಂಜೆ ಮನೆ ಸೇರಿ ದಿನದ ಬಾಯಾರಿಕೆಯನ್ನೆಲ್ಲ ಒಮ್ಮೆಲೆ ತೀರಿಸಿಕೊಳ್ಳುತ್ತಾರೆ. ಮೂತ್ರಪಿಂಡಕ್ಕೆ ಹೊರೆ ಬೀಳುವುದು ಸರಿಯಾಗಿ ರಾತ್ರಿಯ ಹೊತ್ತಿಗೆ. ‘ರಾತ್ರಿ ನೀರು ಕುಡಿಯಬೇಡ’ ಎನ್ನುವುದಕ್ಕಿಂತ ‘ಹಗಲಿನಲ್ಲಿ ಕುಡಿ, ಮಲಗುವ ಮುಂಚೆ ಮೂತ್ರಕ್ಕೆ ಹೋಗಿ ಬಾ’ ಎನ್ನುವುದು ಸರಿಯಾದ ಸಲಹೆ. 2019ರಲ್ಲಿ ಕೇರಳದ ಶಾಲೆಗಳಲ್ಲಿ ನೀರಿನ ಗಂಟೆ ಬಾರಿಸಿದಾಗ ನಕ್ಕವರಿದ್ದರು. ನನಗೆ ಅದು ಒಳ್ಳೆಯ ಶರೀರವಿಜ್ಞಾನವಾಗಿ ಕಾಣುತ್ತದೆ. ಮಲಬದ್ಧತೆಯೂ ಮೂತ್ರಕೋಶವನ್ನು ಒತ್ತುತ್ತದೆ, ಅದನ್ನು ಮರೆಯಬಾರದು.

ವಸತಿ ಶಾಲೆಗಳಿಗೆ ನೇಮಕವಾಗುವ ಪ್ರಶಿಕ್ಷಣಾರ್ಥಿಗಳಿಗೆ ಇದು ಪಠ್ಯದ ವಿಷಯವಾಗಿಯಷ್ಟೇ ಉಳಿಯದು. ಒದ್ದೆ ಹಾಸಿಗೆಯನ್ನು ಎಲ್ಲರೆದುರು ಹೊರಿಸಿ ನಿಲ್ಲಿಸುವುದು ಶಿಸ್ತಲ್ಲ. ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಮು ದೈಹಿಕ ಶಿಕ್ಷೆಯ ಜೊತೆ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಆರು ತಿಂಗಳಿಗೂ ಮೇಲ್ಪಟ್ಟು ಸರಿಯಿದ್ದ ಮಗುವಿಗೆ ಮತ್ತೆ ಶುರುವಾದರೆ, ಹಗಲಿನಲ್ಲೂ ಬಟ್ಟೆ ಒದ್ದೆಯಾದರೆ, ಉರಿ ಇದ್ದರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು. ವಿಪರೀತ ಬಾಯಾರಿಕೆಯೊಂದಿಗೆ ಮಗು ಸೊರಗುತ್ತಿದ್ದರೆ ಅದೇ ದಿನ ಕರೆದೊಯ್ಯಬೇಕು, ಮಧುಮೇಹವಿರಬಹುದು. ಎಚ್ಚರಿಸುವ ಗಂಟೆ, ಡೆಸ್ಮೊಪ್ರೆಸಿನ್ ಮಾತ್ರೆ ಇವೆಲ್ಲ ವೈದ್ಯರ ನಿರ್ಧಾರ. ಆ ಮಾತ್ರೆಯ ಮೇಲೆ ಹೆಚ್ಚು ನೀರು ಕುಡಿದರೆ ರಕ್ತದ ಸೋಡಿಯಂ ಅಪಾಯದ ಮಟ್ಟಕ್ಕೆ ಇಳಿಯಬಹುದಾದ್ದರಿಂದ ಶಿಕ್ಷಕರು ಔಷಧದ ಸಲಹೆಗೆ ಕೈಹಾಕಬಾರದು.

ತಿದ್ದಿದ ಪಾಠವನ್ನು ಅದೇ ಪ್ರಶಿಕ್ಷಣಾರ್ಥಿ ಬೆಳಗಾವಿ ನಗರದ ಒಂದು ಶಾಲೆಯಲ್ಲಿ ಮಾಡಿದ. ಆಮೇಲೆ, ಯಾರೂ ಹೇಳದಿದ್ದರೂ, ಒಂದು ದಿನ ರಜೆ ಹಾಕಿ ಗಡಿಗೆ, ಭರಣಿ ಹೊತ್ತುಕೊಂಡು ಖಾನಾಪುರದ ಆ ಶಾಲೆಗೆ ಹೋಗಿ, ಮುಖ್ಯಶಿಕ್ಷಕರ ಅನುಮತಿ ಪಡೆದು, “ಹೋದ ಸಲ ನಾನು ಒಂದು ಉತ್ತರ ತಪ್ಪು ಹೇಳಿದ್ದೆ” ಎಂದೇ ಪಾಠ ಶುರುಮಾಡಿದನಂತೆ. ಆ ದಿನದ ಪ್ರಶ್ನೆಪೆಟ್ಟಿಗೆಯಲ್ಲಿ ಬಂದ ಒಂದು ಚೀಟಿಯನ್ನು ಗಟ್ಟಿಯಾಗಿ ಓದದೆ ನನಗೆ ತಂದು ತೋರಿಸಿದ: “ಸರ್, ಇದನ್ನ ನಮ್ಮವ್ವಗೂ ಬಂದು ಹೇಳ್ತೀರೇನ್ರಿ?”